ದ್ಯೋರ್ ಹ್ಯಾಂಡ್‌ಬಾಲ್ ಕ್ಲಬ್ ಬೆಳೆದದ್ದು ಬರೀ ಔಡಿ ದುಡ್ಡಿನಿಂದಲೇ?

ಹಾಸನದ ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಎರಡು ವರ್ಷದಿಂದ ಹ್ಯಾಂಡ್‌ಬಾಲ್ ಆಡುತ್ತಿದ್ದಾಳೆ. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ಹುಡುಕಿ ನೋಡುತ್ತಾಳೆ. ಪಕ್ಕದಲ್ಲಿ ಕೂತು ಕೂತು ನನಗೂ ಅದರ ಹುಚ್ಚು ಹತ್ತಿದೆ.

ಹಂಗೇರಿಯ ಗ್ಯೋರ್ ಅನ್ನುವ ಊರಿನ ತಂಡ 2024ರಲ್ಲೂ ಕಪ್ ಗೆದ್ದಿದೆ, 2025ರಲ್ಲೂ ಗೆದ್ದಿದೆ. ಊರಿನ ಜನಸಂಖ್ಯೆ ಸುಮಾರು 1.3 ಲಕ್ಷವಂತೆ. ಅಂದರೆ ಹೆಚ್ಚುಕಮ್ಮಿ ನಮ್ಮ ಹಾಸನದಷ್ಟು. ಅಷ್ಟು ಚಿಕ್ಕ ಊರಿಗೆ ಇದು ಹೇಗೆ ಸಾಧ್ಯ? ತಂಡದ ಹೆಸರಿನಲ್ಲೇ ಔಡಿ ಅನ್ನುವ ಕಾರು ಕಂಪನಿಯ ಹೆಸರು ಇದೆ. ಹಾಗಾದರೆ ಎಲ್ಲ ದುಡ್ಡಿನ ಆಟವೇ? ಮಗಳು ಕೇಳಿದಳು, ನನಗೆ ಉತ್ತರ ಕೊಡಲು ಆಗಲಿಲ್ಲ. ಯಾರಾದರೂ ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ.

ರಾಬಾ ದಂಡೆ:

ಸರ್, ನಾನು ಇದೇ ಊರಿನಲ್ಲಿದ್ದೇನೆ. ಮೂಲ ಧಾರವಾಡ. ಮನೆಯವರ ಕೆಲಸದ ಮೇಲೆ 2016ರಲ್ಲಿ ಬಂದೆವು. ನಿಮ್ಮ ಪ್ರಶ್ನೆ ನೋಡಿ ಎಷ್ಟು ಖುಷಿಯಾಯಿತು ಅಂದರೆ ಒಲೆ ಮೇಲಿನ ಸಾರು ಆರಿಸಿ ಬಂದು ಕೂತಿದ್ದೇನೆ.

ಮೊದಲು ಹೆಸರು. ಬರೆದದ್ದು ನೋಡಿದರೆ ಗ್ಯೋರ್ ಅನ್ನಿಸುತ್ತದೆ, ಆದರೆ ಇಲ್ಲಿ ದ್ಯೋರ್ ಅನ್ನುತ್ತಾರೆ. ಬುಡಾಪೆಸ್ಟ್‌ಗೂ ವಿಯೆನ್ನಾಗೂ ನಡುವೆ ಇರುವ ಊರು. ಕ್ಲಬ್ಬಿನ ಹೆಸರು ಎತೊ. ಅದು ಮೂರು ಪದಗಳ ಮೊದಲ ಅಕ್ಷರ, ಒಮ್ಮತದ ಕಸರತ್ತು ವಿಭಾಗ ಅನ್ನುವ ಅರ್ಥ. ರೈಲು ಡಬ್ಬಿ ಮಾಡುವ ಇಲ್ಲಿನ ಕಾರ್ಖಾನೆಯ ಕೆಲಸಗಾರರು 1904ರಲ್ಲಿ ಕಟ್ಟಿದ್ದು. ಹೆಂಗಸರ ಹ್ಯಾಂಡ್‌ಬಾಲ್ ಶುರುವಾಗಿದ್ದು 1948ರಲ್ಲಿ. ಔಡಿ ಈ ಊರಿಗೆ ಬಂದದ್ದು 1993ರಲ್ಲಿ. ಅಂದರೆ ಔಡಿಗಿಂತ 45 ವರ್ಷ ಮೊದಲೇ ಇಲ್ಲಿ ಹೆಣ್ಣುಮಕ್ಕಳು ಚೆಂಡು ಎಸೆಯುತ್ತಿದ್ದರು.

1957 ಮತ್ತು 1959ರಲ್ಲಿ ದೇಶದ ಚಾಂಪಿಯನ್ ಆದರು. ನಮ್ಮ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ನಾನು ಅವರನ್ನು ನೇನಿ ಅನ್ನುತ್ತೇನೆ, ನಮ್ಮ ಅತ್ತೆ, ಚಿಕ್ಕಮ್ಮ ಇದ್ದ ಹಾಗೆ. ಆಗ ಬಯಲಿನಲ್ಲಿ ಆಡುತ್ತಿದ್ದರು, ಮಳೆ ಬಂದರೆ ಚೆಂಡು ಕಲ್ಲಿನಷ್ಟು ಭಾರವಾಗುತ್ತಿತ್ತು ಅಂತ ಅವರು ಹೇಳುತ್ತಾರೆ. ಆಮೇಲೆ ಏನಾಯಿತು ಅಂತ ಕೇಳಿದೆ. "ಆಮೇಲೆ ಕಾದೆವು" ಅಂದರು. ಮುಂದಿನ ಚಾಂಪಿಯನ್‌ಶಿಪ್ ಬಂದದ್ದು 2005ರಲ್ಲಿ. 46 ವರ್ಷ ಸರ್! ಮದುವೆಯಾಗಿ, ಮಕ್ಕಳಾಗಿ, ರಿಟೈರ್ ಕೂಡ ಆಗುವಷ್ಟು ಕಾಲ.

ಈ ಕಥೆಯಲ್ಲಿ ನನ್ನ ಮನಸ್ಸಿನಲ್ಲಿ ನಿಂತಿರುವವರು ಗೋರ್ಬಿಟ್ಸ್ ಅನಿತಾ. (ಇಲ್ಲಿ ಮನೆತನದ ಹೆಸರು ಮುಂದೆ, ನಮ್ಮ ಕಡೆ ಊರಿನ ಹೆಸರು ಮುಂದೆ ಬರುತ್ತದಲ್ವಾ, ಹಾಗೆ.) ವೆಸ್ಪ್ರೇಮ್ ಅನ್ನುವ ಊರಿನಲ್ಲಿ 1983ರಲ್ಲಿ ಹುಟ್ಟಿದರು. 1997ರಲ್ಲಿ, ಹೆಚ್ಚುಕಮ್ಮಿ ನಿಮ್ಮ ಮಗಳ ವಯಸ್ಸಿನಲ್ಲಿ, ಇಲ್ಲಿಗೆ ಬಂದರು. 2005ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ್ತಿ ಅಂತ ಆಯ್ಕೆಯಾದರು. ಆಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಹೋಗಲಿಲ್ಲ. 2021ರಲ್ಲಿ ಆಟ ಬಿಡುವವರೆಗೂ ಇದೇ ಕ್ಲಬ್, 13ನೇ ನಂಬರಿನ ಅಂಗಿ.

ಅವರು ನೋಡಿದ ಸೋಲುಗಳನ್ನೂ ಹೇಳಲೇಬೇಕು. 2009ರ ಚಾಂಪಿಯನ್ಸ್ ಲೀಗ್ ಫೈನಲ್ ಡೆನ್ಮಾರ್ಕಿನ ವೀಬೋರ್ ಪಾಲಾಯಿತು. 2012ರದ್ದು ಇನ್ನೂ ಸಂಕಟ. ಎದುರಾಳಿ ಮೊಂಟೆನೆಗ್ರೊದ ಬುದುಚ್ನೊಸ್ತ್. ಆಗ ಫೈನಲ್ ಅಂದರೆ ಎರಡು ಪಂದ್ಯ. ಮೊದಲನೆಯದು ನಮ್ಮ ನೆಲದಲ್ಲಿ 29–27, ನಾವು ಗೆದ್ದೆವು. ಅವರ ನೆಲದಲ್ಲಿ 27–25, ಅವರು ಗೆದ್ದರು. ಕೂಡಿಸಿದರೆ 54–54. ಆಗಿನ ನಿಯಮದ ಪ್ರಕಾರ ಹೊರಗಿನ ನೆಲದಲ್ಲಿ ಜಾಸ್ತಿ ಗೋಲು ಹೊಡೆದವರಿಗೆ ಕಪ್. ಅವರು ಇಲ್ಲಿ 27 ಹೊಡೆದಿದ್ದರು, ನಾವು ಅಲ್ಲಿ 25. ಮುಗಿಯಿತು. ನೇನಿ ಆ ರಾತ್ರಿ ಟೀವಿ ಆರಿಸಿ, ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲವಂತೆ.

2013ರಲ್ಲಿ ನಾರ್ವೆಯ ಲಾರ್ವಿಕ್ ವಿರುದ್ಧ ಅಲ್ಲಿಗೇ ಹೋಗಿ 24–21ರಿಂದ ಗೆದ್ದರು. ವಾಪಸ್ ಪಂದ್ಯ 23–23. ಮೊದಲ ಕಪ್! ದ್ಯೋರ್‌ನ ಹಳೇ ಒಳಾಂಗಣ ಚಿಕ್ಕದು, ಹಾಗಾಗಿ ಆ ಪಂದ್ಯ ನಡೆದದ್ದು ವೆಸ್ಪ್ರೇಮ್‌ನಲ್ಲಿ. ಅನಿತಾ ಹುಟ್ಟಿದ ಊರಿನಲ್ಲೇ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮರುವರ್ಷ ಅದೇ ಬುದುಚ್ನೊಸ್ತ್ ತಂಡವನ್ನು ಬುಡಾಪೆಸ್ಟ್ ಫೈನಲಿನಲ್ಲಿ 27–21ರಿಂದ ಸೋಲಿಸಿದರು.

ಪಿ.ಇ. ಮೇಷ್ಟ್ರು:

ಮೇಡಂ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಹಂಗೇರಿಯಲ್ಲಿ ಇದು ದ್ಯೋರ್‌ನಿಂದ ಶುರುವಾದದ್ದಲ್ಲ. ಬುಡಾಪೆಸ್ಟಿನ ವಶಶ್ 1982ರಲ್ಲೇ ಯುರೋಪಿನ ಕಪ್ ಗೆದ್ದಿತ್ತು. ಆ ಪದಕ್ಕೆ ಕಬ್ಬಿಣದ ಕೆಲಸದವರು ಅಂತ ಅರ್ಥ. 1999ರಲ್ಲಿ ಗೆದ್ದ ದುನಾಫೆರ್ ಉಕ್ಕಿನ ಕಾರ್ಖಾನೆಯ ತಂಡ. ರಾಷ್ಟ್ರೀಯ ತಂಡ 1965ರಲ್ಲಿ ವಿಶ್ವ ಚಾಂಪಿಯನ್, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಕಾರ್ಖಾನೆಗಳು ಸಾಕಿ ಬೆಳೆಸಿದ ಆಟ ಇದು. ಹಾಗಾಗಿ ಔಡಿ ಬಂದದ್ದು ಹೊಸ ಪದ್ಧತಿಯೇನಲ್ಲ.

ಆದರೆ ಅಪ್ಪನ ಪ್ರಶ್ನೆಯಲ್ಲೂ ನ್ಯಾಯ ಇದೆ. ದ್ಯೋರ್‌ಗೆ ಆಡಿದ ಗೋಲ್‌ಕೀಪರ್ ಕಾತ್ರಿನೆ ಲುಂಡೆ, ಹೈದಿ ಲೋಕೆ ನಾರ್ವೆಯವರು. ಎದುವಾರ್ದಾ ಅಮೋರಿಂ ಬ್ರೆಜಿಲ್‌ನವರು. ಆಗ ಕೋಚ್ ಆಗಿದ್ದ ಅಂಬ್ರೋಸ್ ಮಾರ್ತಿನ್ ಸ್ಪೇನಿನವರು. ದುಡ್ಡಿಲ್ಲದೆ ಇವರೆಲ್ಲ ಒಂದೇ ಊರಿನಲ್ಲಿ ಸೇರುವುದು ಕಷ್ಟ, ಅಲ್ವಾ?

ರಾಬಾ ದಂಡೆ:

ಸರ್, ಒಪ್ಪುತ್ತೇನೆ. ದುಡ್ಡು ಬೇಕೇ ಬೇಕು. 2014ರಲ್ಲಿ ತೆರೆದ ಹೊಸ ಅರೇನಾ, ಸುಮಾರು 5,500 ಸೀಟಿನದು, ಅದರ ಹೆಸರೂ ಔಡಿಯದ್ದೇ. ಆದರೆ ಅಮೋರಿಂ 2009ರಲ್ಲಿ ಬಂದವರು 2021ರವರೆಗೆ ಇಲ್ಲೇ ಇದ್ದರು. ಹನ್ನೆರಡು ವರ್ಷ. ಅಷ್ಟು ವರ್ಷ ಇಲ್ಲಿದ್ದವರನ್ನು ಊರಿನವರು ಹೊರಗಿನವರು ಅಂದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ. ನಾನು ಬಂದ ವರ್ಷ, 2016ರಲ್ಲಿ, ರೊಮೇನಿಯಾದ ಬುಕಾರೆಸ್ಟ್ ತಂಡದ ಎದುರು ಪೆನಾಲ್ಟಿ ಎಸೆತಗಳಲ್ಲಿ ಫೈನಲ್ ಸೋತರು. ಆಮೇಲಿನ ಮೂರು ಫೈನಲ್ ನೋಡಿ: 2017ರಲ್ಲಿ ಮ್ಯಾಸಿಡೋನಿಯಾದ ವರ್ದಾರ್ ವಿರುದ್ಧ 31–30, ಹೆಚ್ಚುವರಿ ಸಮಯದಲ್ಲಿ. 2018ರಲ್ಲಿ ಮತ್ತೆ ವರ್ದಾರ್, ಮತ್ತೆ ಹೆಚ್ಚುವರಿ ಸಮಯ, 27–26. 2019ರಲ್ಲಿ ರಷ್ಯಾದ ರೊಸ್ತೊವ್ ವಿರುದ್ಧ 25–24. ಮೂರೂ ಒಂದೇ ಒಂದು ಗೋಲಿನಿಂದ. ದುಡ್ಡು ಒಳ್ಳೆಯ ಆಟಗಾರ್ತಿಯರನ್ನು ತರುತ್ತದೆ. ಹೆಚ್ಚುವರಿ ಸಮಯದ ಎಪ್ಪತ್ತನೇ ನಿಮಿಷದಲ್ಲಿ ಕೈ ನಡುಗದಂತೆ ಇರುವುದನ್ನು ಸೋತು ಸೋತೇ ಕಲಿಯಬೇಕು ಅಂತ ನನಗೆ ಅನ್ನಿಸುತ್ತದೆ.

2018ರ ಫೈನಲ್ ನಡೆದದ್ದು ಮೇ 13. ಅಂದು ಅನಿತಾ ಅವರ 35ನೇ ಹುಟ್ಟುಹಬ್ಬ. ನೇನಿ ಮನೆಯ ಸೋಫಾದಲ್ಲಿ ನಾವಿಬ್ಬರೂ ಕೂತು ನೋಡಿದೆವು. ಕೊನೆಯ ನಿಮಿಷದಲ್ಲಿ ನೇನಿ ನನ್ನ ಕೈ ಹಿಡಿದದ್ದು, ಉಗುರಿನ ಗುರುತು ಮರುದಿನವೂ ಇತ್ತು. ಮುಗಿದ ಮೇಲೆ ಬೀದಿ ತುಂಬ ಕಾರಿನ ಹಾರನ್, "ಹೊಯ್ರಾ ಎತೊ" ಅನ್ನುವ ಕೂಗು.

2022ರ ಫೈನಲ್ ಮಾತ್ರ ನಾರ್ವೆಯ ವೈಪರ್ಸ್ ವಿರುದ್ಧ 33–31ಕ್ಕೆ ಸೋತೆವು. ಆ ತಂಡದ ಗೋಲ್‌ಕೀಪರ್ ಅದೇ ಕಾತ್ರಿನೆ ಲುಂಡೆ. ನಮಗೆ ಮೊದಲ ಎರಡು ಕಪ್ ತಂದುಕೊಟ್ಟವರು. ನೇನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, "ನಮ್ಮ ಹುಡುಗಿ" ಅಂದರು.

ಹಾಸನದ ಅಪ್ಪ:

ಮೇಡಂ, ಮೇಷ್ಟ್ರೇ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಎಲ್ಲ ಓದಿ ಹೇಳಿದೆ. 54–54ರ ಕಥೆಗೆ ಅವಳ ಕಣ್ಣಲ್ಲಿ ನೀರು ಬಂತು. ಅವಳದ್ದೊಂದು ಚಿಂತೆ ಇದೆ. ಅವಳು ಕುಳ್ಳಿ. ಮಧ್ಯದಲ್ಲಿ ನಿಂತು ಆಟ ಕಟ್ಟುವುದು ಇಷ್ಟ, ಆದರೆ ಎತ್ತರ ಸಾಲದು ಅಂತ ಎಲ್ಲರೂ ಹೇಳುತ್ತಾರೆ. ಯಾವ ಪಂದ್ಯ ತೋರಿಸಲಿ?

ರಾಬಾ ದಂಡೆ:

ಪುಟ್ಟಿಗೆ ಸ್ತೀನೆ ಊಫ್ತೆದಾಲ್ ಆಟ ತೋರಿಸಿ ಸರ್. ನಾರ್ವೆಯವರು, 2017ರಿಂದ 2024ರವರೆಗೆ ಇಲ್ಲಿದ್ದರು. ಅದೇ ಮಧ್ಯದ ಜಾಗ. ಈ ಆಟದ ಲೆಕ್ಕದಲ್ಲಿ ಅವರೂ ಕುಳ್ಳಿಯೇ, ಆದರೂ 2019ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ್ತಿ. 2019ರ ಫೈನಲ್ ಹಾಕಿ. ಚೆಂಡು ನೋಡಬೇಡ, ಅವರ ಕಾಲು ನೋಡು ಅಂತ ಹೇಳಿ. ಎದುರಿನವಳು ಕಾಲು ಊರುವ ಮೊದಲೇ ಇವರು ಇನ್ನೊಂದು ಕಡೆ ಹೊರಟಿರುತ್ತಾರೆ.