ಹೊಸನಗರದಲ್ಲಿ ಉಳಿದು ಬಿದನೂರು, ಕೊಡಚಾದ್ರಿ ನೋಡಬಹುದೇ?

ಪ್ರಶ್ನೆ (ಶಿವಮೊಗ್ಗದಿಂದ):
ನಾವು ಹಾವೇರಿ ಕಡೆಯವರು; ವರ್ಗಾವಣೆಯಾಗಿ ಶಿವಮೊಗ್ಗಕ್ಕೆ ಬಂದು ಎರಡು ವರ್ಷವಾಯಿತು. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಅವಸರದಲ್ಲಿ ಜೋಗವನ್ನೂ ಆಗುಂಬೆಯನ್ನೂ ನೋಡಿದ್ದೇವೆಯೇ ಹೊರತು, ಮಲೆನಾಡಿನ ಒಂದು ಊರಿನಲ್ಲಿ ನಿಂತು ಸುತ್ತಮುತ್ತ ಓಡಾಡಿದ್ದಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ನಾಲ್ಕು ದಿನ ಬಿಡುವಿದೆ. ಪತ್ನಿ ಮತ್ತು 68 ವರ್ಷದ ತಾಯಿ ಜೊತೆಗಿರುತ್ತಾರೆ, ಸ್ವಂತ ವಾಹನವಿಲ್ಲ. ಹೊಸನಗರದಲ್ಲಿ ಉಳಿದರೆ ಬಿದನೂರಿನ ಕೋಟೆ, ಕೊಡಚಾದ್ರಿ, ಹುಂಚ ಇವಿಷ್ಟನ್ನು ಆತುರವಿಲ್ಲದೆ ನೋಡಲು ಸಾಧ್ಯವೇ, ಅಥವಾ ಸಾಗರದಲ್ಲಿ ಉಳಿಯುವುದು ಲೇಸೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಹೊಸನಗರದಿಂದ):
ಹೊಸನಗರದಲ್ಲೇ ಉಳಿಯಿರಿ. ತಾಲ್ಲೂಕು ಕಚೇರಿಯು ನಗರದಿಂದ (ಬಿದನೂರಿನ ಈಗಿನ ಹೆಸರು) ಕಲ್ಲೂರುಕಟ್ಟೆಗೆ, ಅಂದರೆ ಇಲ್ಲಿಗೆ, ಬಂದ ಮೇಲೆ ಬೆಳೆದ ಊರಿದು. ಪೇಟೆ ಚಿಕ್ಕದು; ಆದರೆ ಊಟ, ವಸತಿ, ಸರ್ಕಾರಿ ಆಸ್ಪತ್ರೆ, ಔಷಧಿ ಅಂಗಡಿ ಎಲ್ಲವೂ ಹತ್ತಿರದಲ್ಲಿವೆ, ವಯಸ್ಸಾದವರು ಜೊತೆಗಿರುವಾಗ ಇದು ಸಣ್ಣ ಅನುಕೂಲವಲ್ಲ. ಶಿವಮೊಗ್ಗದಿಂದ ರಿಪ್ಪನ್‌ಪೇಟೆ ಮಾರ್ಗವಾಗಿ ಬಸ್ಸುಗಳಿವೆ.

ಒಂದು ದಿನವನ್ನು ಇಡಿಯಾಗಿ ನಗರಕ್ಕೆ ಮೀಸಲಿಡಿ. ಇಕ್ಕೇರಿಯ ನಂತರ ಕೆಳದಿ ಅರಸರ ರಾಜಧಾನಿಯಾಗಿ ಶಿವಪ್ಪ ನಾಯಕನ ಕಾಲದಲ್ಲಿ ಏಳಿಗೆ ಕಂಡ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರವೆಂದು ಕರೆದನು. ಆ ಹೆಸರಿನಲ್ಲಿ ಉಳಿದದ್ದೇ ಇಂದಿನ ನಗರ. ಹೆಬ್ಬಾಗಿಲನ್ನು ನೋಡಿ ಅರ್ಧ ಗಂಟೆಯಲ್ಲಿ ಮರಳುವವರೇ ಹೆಚ್ಚು, ಅದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಒಳಗೆ ಹಳೆಯ ಕಟ್ಟಡಗಳ ತಳಪಾಯವಿದೆ, ಅಕ್ಕ-ತಂಗಿ ಕೊಳವಿದೆ. ಕೋಟೆಯ ಗೋಡೆಯ ಬಳಿ ಸುಮ್ಮನೆ ನಿಂತು ನೋಡಿದರೆ, ಕರಾವಳಿಗೆ ಇಳಿಯುವ ಘಾಟಿಗಳ ನೆತ್ತಿಯಲ್ಲಿ ಕುಳಿತು ಮೆಣಸು, ಅಕ್ಕಿಯ ವ್ಯಾಪಾರವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ರಾಜ್ಯಕ್ಕೆ ಈ ಗುಡ್ಡಗಳೇ ಎರಡನೆಯ ಕೋಟೆಯಾಗಿದ್ದವೆಂಬುದು ಮನವರಿಕೆಯಾಗುತ್ತದೆ. ಅಲ್ಲಿಂದ ಆಟೋ ಮಾಡಿಕೊಂಡು ದೇವಗಂಗೆಯ ಕಲ್ಲಿನ ಕೊಳಗಳಿಗೆ ಹೋಗಿ. ಬೆಟ್ಟದ ನೀರು ಹರಿದು ಬರುವ ಆ ಸ್ಥಳದಲ್ಲಿ ತಾಯಿಯವರು ನೆಮ್ಮದಿಯಾಗಿ ಕುಳಿತಿರಬಹುದು.

ಕೊಡಚಾದ್ರಿಯ ಎತ್ತರ 1343 ಮೀಟರ್. ಕಟ್ಟಿನಹೊಳೆಯಿಂದ ಜೀಪುಗಳು ಮೇಲೆ ಹೋಗುತ್ತವೆ, ಆದರೆ ದಾರಿ ಬಹಳ ಒರಟು, ಮೈಯೆಲ್ಲ ಕುಲುಕಿಹೋಗುತ್ತದೆ. ಜೀಪಿನಿಂದ ಇಳಿದ ಮೇಲೆ ಸರ್ವಜ್ಞ ಪೀಠಕ್ಕೆ ನಡೆದೇ ಹತ್ತಬೇಕು. ತಾಯಿಯವರಿಗೆ ಬೆನ್ನು ಅಥವಾ ಮಂಡಿ ನೋವಿದ್ದರೆ ಅವರು ಆ ದಿನ ವಿಶ್ರಾಂತಿ ಪಡೆಯಲಿ.

ಉತ್ತರ (ಸಾಗರದಿಂದ):
ಸಾಗರಕ್ಕೆ ರೈಲಿದೆ, ಇಕ್ಕೇರಿ, ಕೆಳದಿ, ಜೋಗ ಎಲ್ಲವೂ ಸಮೀಪ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಹೋಗಲು ಲಾಂಚಿಗಾಗಿ ಕಾಯಬೇಕಾಗಿಯೂ ಇಲ್ಲ. ಆದರೂ ನೀವು ಹೆಸರಿಸಿದ ಸ್ಥಳಗಳಿಗೆ ಹೊಸನಗರವೇ ಸರಿ ಎಂದು ಒಪ್ಪುತ್ತೇನೆ. ಒಂದು ಎಚ್ಚರಿಕೆ ಮಾತ್ರ: ನಗರದಲ್ಲಿ ಇಳಿದ ಕೂಡಲೇ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಬಸ್ ನಿಲ್ದಾಣದ ಅಂಗಡಿಯವರಲ್ಲಿ ಕೇಳಿಕೊಳ್ಳಿ. ಮೊಬೈಲಿನಲ್ಲಿ ಕಂಡ ವೇಳೆಯನ್ನು ನಂಬಿ ನಾವು ಕತ್ತಲಾಗುವವರೆಗೆ ನಿಂತಿದ್ದೆವು. ಕೊನೆಗೆ ಅಡಿಕೆ ಸಾಗಿಸುವ ಪಿಕಪ್ ವಾಹನದವರೊಬ್ಬರು ಕರೆದೊಯ್ದರು.

ಉತ್ತರ (ತೀರ್ಥಹಳ್ಳಿಯಿಂದ):
ಡಿಸೆಂಬರಿನಲ್ಲಿ ಇಂಬಳದ (ಜಿಗಣೆಯ) ಕಾಟ ಕಡಿಮೆಯಾಗಿರುತ್ತದೆ, ಉಣುಗಿನ (ರಕ್ತ ಹೀರುವ ಉಣ್ಣೆಯ) ಕಾಲ ಆರಂಭವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ, ಮೇ ತಿಂಗಳವರೆಗೂ ಅದರ ಭಯವಿರುತ್ತದೆ. ಹೆದರಿ ಪ್ರವಾಸ ಬಿಡಬೇಕಾಗಿಲ್ಲ. ಕಾಡಿನ ದಾರಿಯಲ್ಲಿ ನಡೆಯುವುದಾದರೆ ತುಂಬು ತೋಳಿನ ಬಟ್ಟೆ ಧರಿಸಿ, ತರಗೆಲೆಯ ಮೇಲೆ ಕೂರಬೇಡಿ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಬಂದ ಮೇಲೆ ಜ್ವರ ಕಾಣಿಸಿಕೊಂಡರೆ, ಮಲೆನಾಡಿನ ಕಾಡಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ತಾಯಿಗೆ ಮಂಡಿ ನೋವಿರುವುದರಿಂದ ಕೊಡಚಾದ್ರಿಗೆ ನಾನೊಬ್ಬನೇ ಹೋಗುತ್ತೇನೆ, ಪತ್ನಿ ಅವರ ಜೊತೆಗಿರುತ್ತಾರೆ. ಕೊನೆಯ ದಿನ ಎಲ್ಲರೂ ಹುಂಚದ ಪದ್ಮಾವತಿ ದೇವಿಯ ದರ್ಶನ ಮಾಡಿಕೊಂಡು, ರಿಪ್ಪನ್‌ಪೇಟೆಗೆ ಬಂದು ಶಿವಮೊಗ್ಗದ ಬಸ್ಸು ಹತ್ತುತ್ತೇವೆ.