ಪಾತ್ರಾಭಿನಯದ ಆಟದಲ್ಲಿ ಗರಡಿ ಕುಸ್ತಿಯನ್ನು ತೋರಿಸುವುದು ಹೇಗೆ?

ಪ್ರಶ್ನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪು ಭಾನುವಾರಗಳಂದು ಡಂಜನ್ಸ್ ಆ್ಯಂಡ್ ಡ್ರಾಗನ್ಸ್ (ಡಿ ಆ್ಯಂಡ್ ಡಿ) ಎಂಬ, ದಾಳ ಉರುಳಿಸಿ ಪಾತ್ರಗಳನ್ನು ನಡೆಸುವ ಆಟವನ್ನು ಐದನೆಯ ಆವೃತ್ತಿಯ 2014ರ ನಿಯಮಗಳಂತೆ ಆಡುತ್ತದೆ. ಕಥೆ ನಡೆಯುವುದು ಪಾಳೆಯಗಾರರ ಕಾಲದ ಮಧುಗಿರಿ ಕೋಟೆಯಲ್ಲಿ. ಗರಡಿಯಲ್ಲಿ ಪಳಗಿದ ಪೈಲ್ವಾನನ ಪಾತ್ರಕ್ಕೆಂದು ಒಬ್ಬರು ಮಾಂಕ್ ವರ್ಗವನ್ನು, ಅಂದರೆ ಬರಿಗೈಯಲ್ಲಿ ಹೋರಾಡುವ ಸನ್ಯಾಸಿಯ ಮಾದರಿಯನ್ನು, ಆರಿಸಿಕೊಂಡಿದ್ದಾರೆ. ಆದರೆ ಕಾಳಗ ಬಂದಾಗಲೆಲ್ಲ ಅವರು ಒಂದು ಕೀ ಪಾಯಿಂಟ್ (ಮಾಂಕ್‌ನ ವಿಶೇಷ ಶಕ್ತಿಯ ಅಂಕ) ಖರ್ಚು ಮಾಡಿ ಇನ್ನೆರಡು ಗುದ್ದು ಹಾಕುತ್ತಾರೆ, ಎದುರಾಳಿಯ ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಅಂಕ) ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಪಟ್ಟು ಹಾಕುವುದಾಗಲಿ, ಪಟ್ಟಿನಿಂದ ಬಿಡಿಸಿಕೊಳ್ಳುವುದಾಗಲಿ, ಚಿತ್ ಮಾಡುವುದಾಗಲಿ ಎಲ್ಲಿಯೂ ಕಾಣುವುದಿಲ್ಲ. ನಾವು ನಿಯಮಗಳನ್ನು ತಿದ್ದಬೇಕೇ, ಅಥವಾ ಆಟವನ್ನೇ ಬದಲಿಸಬೇಕೇ?

ಉತ್ತರ 1 (ಕೋಲಾರ)

ತಿದ್ದುವ ಮೊದಲು ವರ್ಗವನ್ನು ಬದಲಿಸಿ ನೋಡಿ. ಮಾಂಕ್ ಚುರುಕುತನವನ್ನು ನೆಚ್ಚಿದ ವರ್ಗ. ಹಿಡಿತಕ್ಕೆ ಬೇಕಾದ ಅಥ್ಲೆಟಿಕ್ಸ್ ಕೌಶಲ ನಿಂತಿರುವುದು ದೇಹಬಲದ ಮೇಲೆ. ಅಥ್ಲೆಟಿಕ್ಸ್‌ನಲ್ಲಿ ಪರಿಣತಿಯಿರುವ ಫೈಟರ್ (ಯೋಧ ವರ್ಗದವನು) ನಿಮ್ಮ ಪೈಲ್ವಾನನಿಗೆ ಹೆಚ್ಚು ಹೊಂದುತ್ತಾನೆ. ಪಾತ್ರ ಐದನೆಯ ಹಂತಕ್ಕೆ (ಲೆವೆಲ್) ಏರಿದಾಗ ಅವನಿಗೆ ಒಂದೇ ಸರದಿಯಲ್ಲಿ ಎರಡು ದಾಳಿ ಸಿಗುವುದರಿಂದ, ಮೊದಲನೆಯದರಲ್ಲಿ ಎದುರಾಳಿಯನ್ನು ಹಿಡಿಯಬಹುದು, ಎರಡನೆಯದರಲ್ಲಿ ಕೆಡವಬಹುದು. ನೆಲಕ್ಕೆ ಬಿದ್ದವನು ಏಳಬೇಕಾದರೆ ತನ್ನ ವೇಗದ ಅರ್ಧವನ್ನು ವ್ಯಯಿಸಬೇಕು, ಹಿಡಿತದಲ್ಲಿರುವವನ ವೇಗವಾದರೋ ಸೊನ್ನೆ. ಆದ್ದರಿಂದ ಹಿಡಿತ ಬಿಡಿಸಿಕೊಳ್ಳುವ ತನಕ ಅವನು ಮೇಲೇಳುವಂತಿಲ್ಲ. ಬಿಡಿಸಿಕೊಳ್ಳಲು ಅವನ ಆ ಸರದಿಯ ಕ್ರಿಯೆಯೇ ಖರ್ಚಾಗುತ್ತದೆ. ಮಟ್ಟಿಯಲ್ಲಿ ಕೆಳಗೆ ಸಿಕ್ಕಿಬಿದ್ದವನ ಪಾಡು ಇದಕ್ಕಿಂತ ಬೇರೆಯೇನಲ್ಲ.

ಕೊರತೆಯೂ ಇದೆ. ನಿಂತಿರುವಾಗ ಬರೀ ಹಿಡಿದುಕೊಂಡರೆ, ಹಿಡಿತಕ್ಕೆ ಸಿಕ್ಕವನು ಯಾವ ಅಡ್ಡಿಯೂ ಇಲ್ಲದೆ ಎರಡು ಕೈಗಳ ಕತ್ತಿಯನ್ನು ಬೀಸಬಲ್ಲ. ಇದು ನನಗೆ ಹಾಸ್ಯಾಸ್ಪದವಾಗಿ ಕಾಣುತ್ತದೆ. ಇದೊಂದನ್ನು ನೀವು ಧಾರಾಳವಾಗಿ ನಿಷೇಧಿಸಬಹುದು.

ಉತ್ತರ 2 (ಚಿಂತಾಮಣಿ)

ಮೇಲಿನ ಸಲಹೆ ಸರಿಯೇ, ಆದರೆ ಅದು ಒಂದೇ ಪಟ್ಟಿನ ಪೈಲ್ವಾನನನ್ನು ಕೊಡುತ್ತದೆ. ಪಟ್ಟಿಗೆ ಪ್ರತಿಪಟ್ಟು ಬೇಕೆನ್ನುವುದಾದರೆ 1986ರಲ್ಲಿ ಬಂದ ಗರ್ಪ್ಸ್ ಆಟವನ್ನು ನೋಡಬೇಕು. ಡಿ ಆ್ಯಂಡ್ ಡಿಯ ಒಂದು ಸುತ್ತು ಆರು ಸೆಕೆಂಡಿನದು, ಗರ್ಪ್ಸ್‌ನ ಸರದಿ ಒಂದೇ ಸೆಕೆಂಡಿನದು. ಏಟು ಗುರಿ ಮುಟ್ಟಿದರೂ ಎದುರಾಳಿಗೆ ತಪ್ಪಿಸಿಕೊಳ್ಳಲು ಇಲ್ಲವೇ ತಡೆಯಲು ಪ್ರತ್ಯೇಕ ದಾಳದ ಅವಕಾಶವಿರುತ್ತದೆ. ಕೌಶಲದ ಅಂಕ 14 ಇರುವವನ ತಡೆಯ ಅಂಕ, ಅದರ ಅರ್ಧಕ್ಕೆ ಮೂರು ಸೇರಿಸಿ, 10 ಆಗುತ್ತದೆ. ಮೂರು ದಾಳಗಳ ಮೊತ್ತ 10 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ತಡೆ ಫಲಿಸುತ್ತದೆ, ಅದರ ಸಾಧ್ಯತೆ ಸರಿಯಾಗಿ ಅರ್ಧ. ನೀವು ಒಂದು ಸರದಿಯನ್ನು ಹುಸಿ ಏಟಿಗೆ ಮೀಸಲಿಟ್ಟು, ಕೌಶಲದ ಪೈಪೋಟಿಯಲ್ಲಿ ಮೂರರ ಅಂತರದಿಂದ ಗೆದ್ದರೆ, ನಿಮ್ಮ ಮುಂದಿನ ಏಟಿಗೆ ಆ ತಡೆ 7ಕ್ಕೆ ಇಳಿದು, ಸಾಧ್ಯತೆ ನೂರಕ್ಕೆ ಸುಮಾರು 16ಕ್ಕೆ ಕುಸಿಯುತ್ತದೆ. ಕೈ ತೋರಿಸಿ ಕಾಲು ಎಳೆಯುವವನ ಜಾಣತನ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಿಡಿತ, ಕೆಡವುವುದು, ನೆಲಕ್ಕೆ ಒತ್ತಿಹಿಡಿಯುವುದು ಇವಕ್ಕೂ ಬೇರೆ ಬೇರೆ ನಿಯಮಗಳಿವೆ.

ಉತ್ತರ 3 (ತಿಪಟೂರು)

ಗರ್ಪ್ಸ್ ನಿಯಮಗಳಲ್ಲಿ ಹತ್ತು ಜನರ ಕಾಳಗವನ್ನು ನಡೆಸಿ ನೋಡಿದವರಿಗೆ ಸಂಜೆ ಹೇಗೆ ಕಳೆದುಹೋಗುತ್ತದೆಂಬುದು ಗೊತ್ತು. ಇಬ್ಬರ ಕುಸ್ತಿಗೆ ಆ ಸೂಕ್ಷ್ಮತೆ ಸೊಗಸು. ಕೋಟೆಯ ಬಾಗಿಲಲ್ಲಿ ಕಾವಲುಗಾರರ ಗುಂಪು ಮುಗಿಬಿದ್ದಾಗ ಅಲ್ಲ. ಹಾಂಗ್‌ಕಾಂಗ್ ಸಾಹಸ ಚಿತ್ರಗಳನ್ನು ಮಾದರಿಯಾಗಿಟ್ಟುಕೊಂಡ ಫೆಂಗ್ ಶುಯಿ ಎಂಬ 1996ರ ಆಟದಲ್ಲಿ ಹೆಸರಿಲ್ಲದ ಪುಡಿ ಎದುರಾಳಿಗಳ ಗಾಯದ ಲೆಕ್ಕವನ್ನೇ ಇಡುವುದಿಲ್ಲ. ಏಟು ಚೆನ್ನಾಗಿ ಬಿದ್ದರೆ ಅವರು ಕಾಳಗದಿಂದ ಹೊರಗೆ. ಕಾವಲುಗಾರರಿಗೆ ಈ ನಿಯಮವನ್ನು ಎರವಲು ತಂದು, ಹಿಡಿತದ ಲೆಕ್ಕವನ್ನು ಅವರ ನಾಯಕನಿಗೆ ಮಾತ್ರ ಉಳಿಸಿಕೊಳ್ಳಿ.

ಮರುಪ್ರಶ್ನೆ (ತುಮಕೂರು)

ಎಲ್ಲರಿಗೂ ಧನ್ಯವಾದಗಳು. ಸದ್ಯಕ್ಕೆ ಫೈಟರ್ ವರ್ಗವನ್ನೂ ಕಾವಲುಗಾರರ ನಿಯಮವನ್ನೂ ಅಳವಡಿಸಿಕೊಳ್ಳುತ್ತೇವೆ. ನಮ್ಮ ಗುಂಪಿನಲ್ಲಿ ಬಿಲ್ಲುಗಾರರೊಬ್ಬರಿದ್ದಾರೆ. ಪೈಲ್ವಾನ ಕೆಡವಿದ ಎದುರಾಳಿಯ ಮೇಲೆ ಬಾಣ ಬಿಡುವುದು ಅವರಿಗೆ ಸುಲಭವಾಗುತ್ತದೆಯೇ?

ಉತ್ತರ 4 (ಕೋಲಾರ)

ಇಲ್ಲ, ಕಷ್ಟವಾಗುತ್ತದೆ. ಐದು ಅಡಿಯೊಳಗಿನಿಂದ ಹೊಡೆಯುವವರು ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುತ್ತಾರೆ, ಅದಕ್ಕಿಂತ ದೂರದವರು ಚಿಕ್ಕದನ್ನು ಇಟ್ಟುಕೊಳ್ಳಬೇಕು. ಬಿಲ್ಲುಗಾರರು ಬೇರೊಬ್ಬನ ಮೇಲೆ ಗುರಿಯಿಡಲಿ.