‘ಅಶ್ವಶಕ್ತಿಗೆ ಅನುಗುಣವಾದ ಗಾತ್ರ’: ಇದನ್ನು ಹೊಲದ ಕನ್ನಡದಲ್ಲಿ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ.

ಒಂದು ಸಾಲಿನ ಮುಂದೆ ಮೂರು ದಿನದಿಂದ ಕೂತಿದ್ದೇನೆ. ರೈತರಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಎಷ್ಟು ಎಚ್‌ಪಿ (ಹಾರ್ಸ್‌ಪವರ್, ಅಂದರೆ ಅಶ್ವಶಕ್ತಿ) ಟ್ರ್ಯಾಕ್ಟರಿಗೆ ಎಷ್ಟು ದೊಡ್ಡ ನೇಗಿಲು, ಕಲ್ಟಿವೇಟರ್ (ಸಾಲಾಗಿರುವ ಕುಳಗಳಿಂದ ನೆಲ ಕೆದಕುವಂಥದ್ದು), ರೋಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಪುಡಿ ಮಾಡುವಂಥದ್ದು) ಕಟ್ಟಬೇಕು ಅನ್ನೋದು ವಿಷಯ. ಕರಪತ್ರಗಳಲ್ಲಿ ಈ ಮಾತು ಹೀಗೆ ಬರುತ್ತದೆ: ‘ಟ್ರ್ಯಾಕ್ಟರಿನ ಅಶ್ವಶಕ್ತಿಗೆ ಅನುಗುಣವಾದ ಗಾತ್ರದ ಉಪಕರಣವನ್ನು ಆಯ್ಕೆ ಮಾಡಿಕೊಳ್ಳುವುದು.’ ವ್ಯಾಕರಣದ ತಪ್ಪೇನಿಲ್ಲ. ಆದರೆ ಟ್ರ್ಯಾಕ್ಟರ್ ಅನ್ನೋದೊಂದು ಬಿಟ್ಟರೆ ಹೊಲದಲ್ಲಿ ಕೇಳುವ ಪದ ಇದರಲ್ಲಿ ಒಂದೂ ಇಲ್ಲ.

ಮೊದಲು ‘ಗಾತ್ರ’ ನೋಡಿ. ನಮ್ಮ ನಾಗಮಂಗಲದ ಕಡೆ ಕಲ್ಟಿವೇಟರಿನ ಗಾತ್ರ ಎಷ್ಟು ಅಂತ ಯಾರೂ ಕೇಳುವುದಿಲ್ಲ. ‘ಐದು ಗುಳದ್ದೋ, ಒಂಬತ್ತು ಗುಳದ್ದೋ?’ ಅಂತಾರೆ. ಗುಳ ಅಂದರೆ ಕುಳ, ನೇಗಿಲಿನ ತುದಿಗೆ ಹಾಕುವ ಕಬ್ಬಿಣ. ತಮಿಳಿನ ‘ಕೊೞು’ ಇದರ ಬಳಗದ್ದೇ. ಮರದ ನೇಗಿಲಿಗೆ ಒಂದೇ ಕುಳ ಇದ್ದದ್ದರಿಂದ ಎಣಿಸುವ ಪ್ರಶ್ನೆಯೇ ಇರಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎಣಿಕೆಯೇ ಹೆಸರಾಯಿತು. ಧಾರವಾಡದ ಕಡೆ ಅದನ್ನೇ ‘ಒಂಬತ್ತು ಹಲ್ಲು’ ಅನ್ನುವುದನ್ನು ಕೇಳಿದ್ದೇನೆ. ಬೀಜ ಬಿತ್ತುವ ಕೂರಿಗೆಗೆ ತಾಳಿನ, ಅಂದರೆ ಅದರ ಕಾಲುಗಳ ಲೆಕ್ಕ. ರೋಟವೇಟರಿಗೆ ಅಡಿಯ ಲೆಕ್ಕ: ಐದಡಿ, ಆರಡಿ, ಏಳಡಿ. ಹೀಗಿರುವಾಗ ‘ಗಾತ್ರ’ ಅನ್ನುವ ಒಂದೇ ಪದವನ್ನು ಎಲ್ಲದರ ಮೇಲೂ ಯಾಕೆ ಹೊದಿಸಬೇಕು? ಎಷ್ಟು ಗುಳ, ಎಷ್ಟು ಅಡಿ ಅಂತಲೇ ಬರೆದರೆ ಓದುವವರಿಗೆ ಕಣ್ಣಮುಂದೆ ವಸ್ತು ಬರುತ್ತದೆ.

‘ಅನುಗುಣವಾದ’ ಅನ್ನುವುದಕ್ಕೆ ‘ತಕ್ಕ’ ಸಾಕು, ಅಲ್ವಾ? ‘ಗಾಡಿಗೆ ತಕ್ಕ ನೇಗಿಲು.’ ಕೆಲವರು ‘ಹೊಂದಾಣಿಕೆ’ ಸೂಚಿಸಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಹೊಂದಾಣಿಕೆಯಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗುತ್ತಾರೆ. ಇಲ್ಲಿ ನೇಗಿಲೂ ಬಗ್ಗುವುದಿಲ್ಲ, ಮಣ್ಣೂ ಬಗ್ಗುವುದಿಲ್ಲ. ಇನ್ನು ಮಾತಿನಲ್ಲಿ ಇದು ಬರುವುದೇ ಕ್ರಿಯಾಪದವಾಗಿ. ನಮ್ಮಲ್ಲಿ ‘ಈ ಗಾಡಿ ಒಂಬತ್ತು ಗುಳ ಎಳೆಯಲ್ಲ’. ನವಲಗುಂದದ ಗೆಳೆಯರ ಬಾಯಲ್ಲಿ ‘ಇದು ಜಗ್ಗೂದಿಲ್ಲ’. ಇಡೀ ಪ್ರಶ್ನೆ ಆ ಒಂದು ಪದದಲ್ಲಿದೆ.

ಎತ್ತುಗಳ ಕಾಲದಲ್ಲಿ ಕನ್ನಡಕ್ಕೆ ಈ ಕಷ್ಟ ಇರಲಿಲ್ಲ ಅನ್ನಿಸುತ್ತದೆ. ಎತ್ತೇ ಅಳತೆ. ‘ಎಂಟೆತ್ತಿನ ಕಮತ’ ಅಂದರೆ ಹೊಲ ಎಷ್ಟು, ಮನೆ ಎಂಥದ್ದು ಎಲ್ಲ ತಿಳಿಯುತ್ತಿತ್ತು. 1903ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಅಂಥ ಭಾರದ ನೇಗಿಲಿಗೆ ಎರೆ ಭೂಮಿಯಲ್ಲಿ ಒಂದು ಜೋಡಿ ಸಾಲದೆ ಎರಡು, ನಾಲ್ಕು ಜೋಡಿ ಹೂಡಬೇಕಾಗುತ್ತಿತ್ತು. ‘ನಾಲ್ಕೆತ್ತಿನ ನೇಗಿಲು’ ಅಂದರೆ ಸಾಕು, ಸಲಕರಣೆಯ ಹೆಸರಿನಲ್ಲೇ ಅದಕ್ಕೆ ಬೇಕಾದ ತಾಕತ್ತೂ ಇತ್ತು. ಒಂದು ಜೋಡಿ ಎತ್ತಿನಿಂದ ಸುಮಾರು 1 ಎಚ್‌ಪಿ ಸಿಗುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಈಗ ರೋಟವೇಟರಿಗೆ ‘ಆರಡಿ’ ಅನ್ನುತ್ತೇವೆ. ಅಗಲ ತಿಳಿಯಿತು. ಎಳೆಯುವವರ ಲೆಕ್ಕ ಹೆಸರಿನಿಂದ ಬಿದ್ದುಹೋಯಿತು.

ನನ್ನನ್ನು ಜಾಸ್ತಿ ಕಾಡುವುದು ‘ಶಕ್ತಿ’. ಇದು ಸುಮ್ನೆ ಪದದ ಚರ್ಚೆಯಲ್ಲ, ನಮ್ಮ ಮನೆಯಲ್ಲೇ ಇದರಿಂದ ನಷ್ಟವಾಗಿದೆ. ನಮ್ಮ ಚಿಕ್ಕಪ್ಪನ ಟ್ರ್ಯಾಕ್ಟರ್ 42 ಎಚ್‌ಪಿ. ಆರಡಿ ರೋಟವೇಟರಿನ ಕನ್ನಡ ಕರಪತ್ರದಲ್ಲಿ ‘ಬೇಕಾಗುವ ಶಕ್ತಿ: 40 ಎಚ್‌ಪಿ’ ಅಂತಿತ್ತು. 2 ಎಚ್‌ಪಿ ಉಳಿಯುತ್ತದಲ್ಲ ಎಂದು ನಂಬಿಕೊಂಡು ತಂದರು. ಗಟ್ಟಿ ನೆಲಕ್ಕೆ ಇಳಿಸಿದ ಕೂಡಲೇ ಇಂಜಿನ್ ದಮ್ಮು ಕಟ್ಟಿತು, ಕಪ್ಪು ಹೊಗೆ ಬಿಟ್ಟಿತು. ಆಳ ಕಡಿಮೆ ಮಾಡಿ, ತೀರ ಸಣ್ಣ ಗೇರಿನಲ್ಲಿ ತೆವಳಿಸಿ, ಲೀಟರುಗಟ್ಟಲೆ ಡೀಸೆಲ್ ಸುಟ್ಟರು. ಕೊನೆಗೆ ಸಿಕ್ಕಿದ ಬೆಲೆಗೆ ಮಾರಿ ಐದಡಿಯದು ತಂದರು.

ಆದದ್ದಿಷ್ಟು. ಟ್ರ್ಯಾಕ್ಟರಿನ 42 ಇಂಜಿನ್ನಿನ ಲೆಕ್ಕ. ರೋಟವೇಟರಿನ 40 ಪಿಟಿಒ ಲೆಕ್ಕ, ಅಂದರೆ ಟ್ರ್ಯಾಕ್ಟರಿನ ಹಿಂದೆ ತಿರುಗುತ್ತಾ ರೋಟವೇಟರನ್ನು ತಿರುಗಿಸುವ ಶಾಫ್ಟಿಗೆ ಬಂದು ಮುಟ್ಟಬೇಕಾದದ್ದು. ಇಂಜಿನ್ನಿನಲ್ಲಿ ಹುಟ್ಟಿದ್ದೆಲ್ಲ ಅಲ್ಲಿಗೆ ಬರುವುದಿಲ್ಲ. ನೂರಕ್ಕೆ 85 ಬಂತು ಅಂದುಕೊಂಡರೂ 42 ಹೋಗಿ 36ರ ಹತ್ತಿರ ನಿಲ್ಲುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ಶಕ್ತಿ’ ಅಂತ ಬರೆದದ್ದರಿಂದ ಚಿಕ್ಕಪ್ಪನಿಗೆ ಎರಡೂ ಒಂದೇ ಅನ್ನಿಸಿತು. ಅವರದೇನು ತಪ್ಪು?

ಮೂರನೆಯದೂ ಒಂದಿದೆ: ಎಳೆತಕ್ಕೆ ಸಿಗುವುದು. ಇದು ಇನ್ನೂ ಕಡಿಮೆ, ಯಾಕೆಂದರೆ ಚಕ್ರ ಮಣ್ಣಿನಲ್ಲಿ ಜಾರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಮಣ್ಣನ್ನು ಮಗುಚಿ ಹಾಕುವ ಪಲ್ಟಿ ನೇಗಿಲಿನ ಒಂದು ಕುಳದ ಅಗಲ 30 ಸೆಂ.ಮೀ., ಉಳುವ ಆಳ 20 ಸೆಂ.ಮೀ. ಅಂದರೆ 600 ಚದರ ಸೆಂ.ಮೀ. ಗಟ್ಟಿ ಎರೆ ಮಣ್ಣಿನಲ್ಲಿ ಚದರ ಸೆಂ.ಮೀ.ಗೆ 0.7 ಕೆಜಿ ಎಳೆತ ಹಿಡಿದರೆ 420 ಕೆಜಿ. ಗಂಟೆಗೆ 4.5 ಕಿ.ಮೀ. ವೇಗದಲ್ಲಿ ಅದಕ್ಕೆ 7 ಎಚ್‌ಪಿ ಬೇಕು. ಎರಡು ಕುಳಕ್ಕೆ 14. ಹೊಲದಲ್ಲಿ ಇಂಜಿನ್ನಿನ ಅರ್ಧ ಮಾತ್ರ ಎಳೆತಕ್ಕೆ ಸಿಗುತ್ತದೆ ಎಂದುಕೊಂಡರೆ 28 ಎಚ್‌ಪಿಯ ಇಂಜಿನ್ ಬೇಕು. ಕಷ್ಟಕ್ಕಿರಲಿ ಅಂತ ಸ್ವಲ್ಪ ಉಳಿಸಿಕೊಂಡರೆ 35, 40ರ ಗಾಡಿ. ಸಡಿಲವಾದ ಕೆಂಪು ಮಣ್ಣಿನಲ್ಲಿ ಇದರ ಅರ್ಧವೂ ಬೇಡ. ಅದಕ್ಕೇ ನಮ್ಮ ನಾಗಮಂಗಲದ ಕೆಂಪು ಮಣ್ಣಿನಲ್ಲಿ ಎಳೆದ ಗಾಡಿ ನವಲಗುಂದದ ಎರೆಯಲ್ಲಿ ಜಗ್ಗದೇ ಇರಬಹುದು.

ಶಾಲೆಯ ಪುಸ್ತಕದ ಕನ್ನಡ ಇಲ್ಲಿ ನೆರವಾಗುತ್ತದೆಯೇ ಎಂದು ನೋಡಿದೆ. ಅಲ್ಲಿ ತಳ್ಳುವುದು, ಎಳೆಯುವುದು ‘ಬಲ’. ‘ಶಕ್ತಿ’ ಬೇರೆ, ಅದು ಇಂಗ್ಲಿಷಿನ ಎನರ್ಜಿ. ಸೆಕೆಂಡಿಗೆ ಎಷ್ಟು ಕೆಲಸ ಅನ್ನುವುದು ‘ಸಾಮರ್ಥ್ಯ’. ಆ ಲೆಕ್ಕದಲ್ಲಿ 746 ವ್ಯಾಟ್‌ಗೆ ‘ಅಶ್ವಸಾಮರ್ಥ್ಯ’ ಅನ್ನಬೇಕು, ‘ಅಶ್ವಶಕ್ತಿ’ಯೇ ತಪ್ಪು. ಆದರೆ ಹಳ್ಳಿಯಲ್ಲಿ ಎರಡನ್ನೂ ಅನ್ನುವವರಿಲ್ಲ. ಎಚ್‌ಪಿ ಕನ್ನಡದ ಪದವೇ ಆಗಿಹೋಗಿದೆ. ಅದನ್ನು ಹಾಗೇ ಇಟ್ಟುಕೊಂಡು, ಅದರ ಹಿಂದೆ ಒಂದೊಂದು ಪದ ಸೇರಿಸೋಣ ಅನ್ನುವುದು ನನ್ನ ಯೋಚನೆ: ‘ಇಂಜಿನ್ ಎಚ್‌ಪಿ’, ‘ತಿರುಗು ಎಚ್‌ಪಿ’, ‘ಎಳೆತದ ಎಚ್‌ಪಿ’. ‘ಪಿಟಿಒ ಎಚ್‌ಪಿ’ ಅಂತಲೇ ಬಿಡಬಹುದಿತ್ತು. ಆದರೆ ‘ತಿರುಗು’ ಅಂದರೆ ಹೊಸಬರಿಗೂ ಅದು ಮಾಡುವ ಕೆಲಸ ಗೊತ್ತಾಗುತ್ತದೆ. ರೋಟವೇಟರಿನ ಪಕ್ಕದಲ್ಲಿ ‘ತಿರುಗು ಎಚ್‌ಪಿ 40’ ಅಂತ ಇದ್ದಿದ್ದರೆ, ‘ಇದ್ಯಾವ ಎಚ್‌ಪಿ?’ ಎಂದು ಚಿಕ್ಕಪ್ಪ ಒಂದು ಮಾತಾದರೂ ಕೇಳುತ್ತಿದ್ದರು.

ಇನ್ನೊಂದು ತೊಡಕು. ಸಲಕರಣೆಯನ್ನು ಮೇಲಕ್ಕೆ ಎತ್ತುವ ಹೈಡ್ರಾಲಿಕ್‌ನ ತಾಕತ್ತಿಗೆ ‘ಎತ್ತುಬಲ’ ಅಂತ ಬರೆದಿದ್ದೆ. ಓದಿ ನೋಡಿದವರೊಬ್ಬರು ಅದನ್ನು ಜೋಡಿ ಎತ್ತಿನ ಬಲ ಎಂದು ತಿಳಿದರು. ಕೃಷಿಯ ಬರಹದಲ್ಲಿ ಹಾಗೆ ಓದುವುದೇ ಸಹಜ. ಸದ್ಯಕ್ಕೆ ‘ಲಿಫ್ಟ್ ತಾಕತ್ತು’ ಅಂತ ಇಟ್ಟಿದ್ದೇನೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಭಾರ ಜಾಸ್ತಿಯಾಗಿ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟು ಏಳುವುದಕ್ಕೆ ನಿಮ್ಮೂರಿನಲ್ಲಿ ಏನನ್ನುತ್ತಾರೆ? ಹಿಂದಿನ ಚಕ್ರ ಮುಂದೆ ಹೋಗದೆ ಇದ್ದಲ್ಲೇ ಸುತ್ತುವುದಕ್ಕೆ ‘ಜಾರು’ ಬಿಟ್ಟು ಬೇರೆ ಪದ ಇದೆಯೇ? ‘ತಿರುಗು ಎಚ್‌ಪಿ’ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ರಾಯಚೂರು, ಕಲಬುರಗಿ, ಶಿವಮೊಗ್ಗದ ಕಡೆಯವರು ಮನೆಯಲ್ಲಿ ಗಾಡಿ ಓಡಿಸುವವರನ್ನೇ ಒಮ್ಮೆ ಕೇಳಿ, ಅವರು ಅಂದದ್ದನ್ನು ಅಂದಹಾಗೇ ಬರೆದು ಕಳಿಸಿ.